ಹೊರದೇಶದಿಂದ ಫೋನ್ ತರಿಸುವ ಮುಂಚೆ ಮಾಡೆಲ್ ನಂಬರ್ ಕೇಳಿ

ಭಟ್ಕಳ, ಹೊನ್ನಾವರ, ಕುಮಟಾ ಕಡೆ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಗಲ್ಫಿನಲ್ಲಿರುತ್ತಾರೆ. ಘಟ್ಟ ಹತ್ತಿ ಶಿರಸಿ, ಸಿದ್ದಾಪುರಕ್ಕೆ ಹೋದರೆ ಮಗನೋ ಮಗಳೋ ಅಮೆರಿಕದಲ್ಲಿ. ರಜೆಗೆ ಬರುವವರಿಗೆ "ಬರ್ತಾ ಒಂದು ಫೋನ್ ತಗೊಂಡು ಬಾ" ಅನ್ನುವುದು ಮಾಮೂಲು. ಹಾಗೆ ಬಂದ ಫೋನ್ ಇಲ್ಲಿ ಸರಿಯಾಗಿ ನಡೆಯದೆ ಕಪಾಟು ಸೇರುವುದನ್ನು ತುಂಬಾ ನೋಡಿದ್ದೇನೆ.

ದುಡ್ಡಷ್ಟೇ ಹೋಗುವುದಲ್ಲ. ಫೋನಿನಿಂದ ಪರಿಸರಕ್ಕೆ ಆಗುವ ಹಾನಿಯ ಬಹುಪಾಲು ಅದನ್ನು ತಯಾರಿಸುವಾಗಲೇ ಆಗಿರುತ್ತದೆ. ಐಫೋನ್ 14ಕ್ಕೆ ಆಪಲ್ ಕಂಪನಿಯೇ ಕೊಟ್ಟ ಲೆಕ್ಕ 61 ಕಿಲೋ ಇಂಗಾಲದ ಡೈಆಕ್ಸೈಡ್. ಅದರಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ತಯಾರಿಕೆಯದ್ದೇ. ಸಾಗಣೆಯದ್ದು ಸಣ್ಣ ಪಾಲು. ಹಾಗಾಗಿ ಎಷ್ಟು ದೂರದಿಂದ ಬಂತು ಅನ್ನುವುದಕ್ಕಿಂತ ಎಷ್ಟು ವರ್ಷ ಬಾಳುತ್ತದೆ ಅನ್ನುವುದೇ ಮುಖ್ಯ.

ಮೊದಲು ಕೈಯಲ್ಲಿರುವ ಫೋನ್ ನೋಡಿ. ಚಾರ್ಜ್ ನಿಲ್ಲುತ್ತಿಲ್ಲವೇ? ಬ್ಯಾಟರಿ ಬದಲಿಸಿ. ಚಾರ್ಜೇ ಆಗುತ್ತಿಲ್ಲವೇ? ಟಾರ್ಚ್ ಹಿಡಿದು ಚಾರ್ಜರ್ ಚುಚ್ಚುವ ಜಾಗದೊಳಗೆ ನೋಡಿ. ನಮ್ಮ ಉಪ್ಪುಗಾಳಿ, ಮಳೆಗಾಲದ ತೇವ ಸೇರಿ ಪಿನ್ನುಗಳ ಮೇಲೆ ಹಸಿರು ಕಿಲುಬು ಹಿಡಿದಿರುತ್ತದೆ. ಮೂಲೆಯಲ್ಲಿ ಜೇಬಿನ ನೂಲು ಗಟ್ಟಿಯಾಗಿ ಕೂತಿರುತ್ತದೆ. ರಿಪೇರಿ ಅಂಗಡಿಯವರು ಅದನ್ನು ತೆಗೆದು ಕೊಡುತ್ತಾರೆ, ಬೇಕಾದರೆ ಆ ಭಾಗವನ್ನೇ ಬದಲಿಸುತ್ತಾರೆ. ಹೆಸರಿಲ್ಲದ ಅಗ್ಗದ ಬ್ಯಾಟರಿ ಮಾತ್ರ ಹಾಕಿಸಬೇಡಿ. ಬೇಗ ಉಬ್ಬುತ್ತದೆ.

ಹೊಸದು ಬೇಕೇ ಬೇಕು ಅಂದರೆ ಎಷ್ಟು ವರ್ಷ ಅಪ್‌ಡೇಟ್ ಸಿಗುತ್ತದೆ ಎಂದು ನೋಡಿ ಆರಿಸಿ. ಗೂಗಲ್ ಪಿಕ್ಸೆಲ್ 8, ಸ್ಯಾಮ್‌ಸಂಗ್ ಎಸ್24ಕ್ಕೆ ಏಳು ವರ್ಷ ಕೊಡುತ್ತೇವೆ ಎಂದು ಕಂಪನಿಗಳೇ ಹೇಳಿವೆ. ಯುರೋಪಿನಲ್ಲಿ 2025ರ ಜೂನ್ 20ರಿಂದ ಹೊಸ ಫೋನುಗಳಿಗೆ ಲೇಬಲ್ ಕಡ್ಡಾಯ. ರಿಪೇರಿ ಎಷ್ಟು ಸುಲಭ ಎಂಬುದಕ್ಕೆ ಅದರಲ್ಲಿ ಎ ಯಿಂದ ಇ ವರೆಗೆ ದರ್ಜೆ ಇರುತ್ತದೆ. ಜರ್ಮನಿಯಿಂದಲೋ ಫ್ರಾನ್ಸಿನಿಂದಲೋ ಬರುವವರಿದ್ದರೆ ಅದರ ಫೋಟೋ ತರಿಸಿಕೊಳ್ಳಿ.

ಇನ್ನು ಎಲ್ಲರೂ ಎಡವುವ ಹೆಜ್ಜೆ. ಒಂದೇ ಹೆಸರಿನ ಫೋನ್ ಒಂದೊಂದು ದೇಶಕ್ಕೆ ಒಂದೊಂದು ಥರ ಇರುತ್ತದೆ. ಹೆಸರು, ಬಣ್ಣ ಕೇಳಿ ಸುಮ್ನೆ "ಹೂಂ" ಅನ್ನಬೇಡಿ. ಅಂಗಡಿಯಲ್ಲಿ ನಿಂತಿರುವಾಗಲೇ ಡಬ್ಬದ ಹಿಂಬದಿಯ ಫೋಟೋ ವಾಟ್ಸ್ಯಾಪಿನಲ್ಲಿ ಕಳಿಸಲು ಹೇಳಿ. ಬಾರ್‌ಕೋಡಿನ ಹತ್ತಿರ ಸಣ್ಣ ಅಕ್ಷರದಲ್ಲಿ ಮಾಡೆಲ್ ನಂಬರ್ ಇರುತ್ತದೆ. ಅದನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಿ.

ಸಿಮ್ ಜಾಗ ಇದೆಯೇ? ಅಮೆರಿಕದ ಐಫೋನುಗಳಿಗೆ 14ರಿಂದಲೇ ಇಲ್ಲ, ಇ-ಸಿಮ್ ಮಾತ್ರ, ಅಂದರೆ ಫೋನಿನೊಳಗೇ ಇರುವ, ಹೊರಗೆ ತೆಗೆಯಲು ಬಾರದ ಸಿಮ್. ಐಫೋನ್ 17ರಿಂದ ದುಬೈ, ಸೌದಿ, ಕತಾರ್, ಕುವೈತ್, ಒಮಾನ್, ಬಹ್ರೇನಿನವಕ್ಕೂ ಇಲ್ಲ. ಅಪ್ಪ-ಅಮ್ಮನಿಗೆ ಇಂಥ ಫೋನ್ ಬೇಡ. ಮಳೆಗಾಲದಲ್ಲಿ ಫೋನ್ ನೀರಿಗೆ ಬಿದ್ದರೆ ಸಿಮ್ ತೆಗೆದು ಹಳೇ ಫೋನಿಗೆ ಹಾಕಿಕೊಳ್ಳಲು ಬರುವುದಿಲ್ಲ, ಅಲ್ವಾ?

ಬ್ಯಾಂಡ್, ಅಂದರೆ ನೆಟ್‌ವರ್ಕ್ ಬಳಸುವ ತರಂಗಗಳ ಪಟ್ಟಿ, ಹೊಂದುತ್ತದೆಯೇ? ಜಿಯೋದ 4ಜಿಗೆ ಬ್ಯಾಂಡ್ 3, 5, 40 ಬೇಕು. 5ಜಿಗೆ ಎನ್28, ಎನ್78 ಬೇಕು. ಏರ್‌ಟೆಲ್ 5ಜಿಗೂ ಎನ್78 ಬೇಕು. ಎನ್28 ಅಂದರೆ 700 ಮೆಗಾಹರ್ಟ್ಸ್, ದೂರ ಹೋಗುವ ಸಿಗ್ನಲ್. ಗುಡ್ಡ, ಕಾಡಿನ ನಮ್ಮ ಜಿಲ್ಲೆಯಲ್ಲಿ ಜಿಯೋ ಬಳಸುವವರು ಅದಿಲ್ಲದ ಫೋನ್ ತರಿಸಲೇಬೇಡಿ. ವೋಲ್ಟಿ (VoLTE), ಅಂದರೆ 4ಜಿ ಮೇಲೆ ಹೋಗುವ ಕಾಲ್, ಇಲ್ಲಿನ ಸಿಮ್ಮಿನಲ್ಲಿ ನಡೆಯುತ್ತದೆಯೇ ಎಂದೂ ಕೇಳಿ. ಜಿಯೋಗೆ 2ಜಿ, 3ಜಿ ಇಲ್ಲವೇ ಇಲ್ಲ. ವೋಲ್ಟಿ ಆಗದಿದ್ದರೆ ಮಾಮೂಲಿ ಕಾಲೇ ಹೋಗುವುದಿಲ್ಲ.

ಲಾಕ್ ಇದೆಯೇ? ಅಮೆರಿಕದಲ್ಲಿ ಕಂತಿನ ಮೇಲೆ ಕೊಂಡ ಫೋನ್ ಸಾಮಾನ್ಯವಾಗಿ ಆ ನೆಟ್‌ವರ್ಕಿಗೇ ಅಂಟಿಕೊಂಡಿರುತ್ತದೆ. ಅನ್‌ಲಾಕ್ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಕೆಲವು ಸ್ಯಾಮ್‌ಸಂಗ್ ಡಬ್ಬಗಳ ಮೇಲೆ ಆ ಪ್ರದೇಶದ ಸಿಮ್ಮಿನಲ್ಲೇ ಮೊದಲು ಚಾಲೂ ಮಾಡಬೇಕೆಂಬ ಸ್ಟಿಕ್ಕರ್ ಇರುತ್ತದೆ. ತರುವವರು ಅಲ್ಲಿನ ಸಿಮ್ ಹಾಕಿ ಐದು ನಿಮಿಷಕ್ಕಿಂತ ಜಾಸ್ತಿ ಕಾಲ್ ಮಾಡಿಯೇ ವಿಮಾನ ಹತ್ತಲಿ. ಇಲ್ಲಿಗೆ ಬಂದ ಮೇಲೆ ಅಂಗಡಿಯವರು "ನಾನು ಬಿಡಿಸಿಕೊಡ್ತೇನೆ" ಅಂದರೆ ನಂಬಬೇಡಿ.

ವಾರಂಟಿ ಎಷ್ಟೋ ಸಲ ಕೊಂಡ ದೇಶಕ್ಕಷ್ಟೇ. ಇಲ್ಲಿ ಬಿಡಿಭಾಗ ಸಿಗದ ಮಾಡೆಲ್ ಒಂದು ಸಲ ಬಿದ್ದರೆ ಅಲ್ಲಿಗೆ ಮುಗಿಯಿತು. ಹತ್ತಿರದ ಸರ್ವಿಸ್ ಸೆಂಟರಿಗೆ ಒಂದು ಫೋನ್ ಮಾಡಿ, ಮಾಡೆಲ್ ನಂಬರ್ ಹೇಳಿ, ಡಿಸ್‌ಪ್ಲೇ ಸಿಗುತ್ತದೆಯೇ ಕೇಳಿ. ಬೆಲೆ ವ್ಯತ್ಯಾಸ ಕಡಿಮೆ ಇದ್ದರೆ ಇಲ್ಲೇ ಕೊಳ್ಳುವುದು ಒಳ್ಳೆಯದು. ತಮಿಳುನಾಡಿನಲ್ಲಿ ಜೋಡಿಸಿದ ಐಫೋನುಗಳು ಅಮೆರಿಕಕ್ಕೆ ಹೋಗುತ್ತಿವೆ. ಅದನ್ನೇ ಮತ್ತೆ ವಿಮಾನದಲ್ಲಿ ತರಿಸುವ ಅಗತ್ಯವೇನಿದೆ?

ಮಂಗಳೂರಿಗೋ ಗೋವಾಕ್ಕೋ ಇಳಿಯುವವರು ಬಿಲ್ ಕೈಯಲ್ಲಿಟ್ಟುಕೊಳ್ಳಲಿ, ಸುಂಕದ ಮಿತಿಯನ್ನು ಕಸ್ಟಮ್ಸ್ ವೆಬ್‌ಸೈಟಿನಲ್ಲಿ ನೋಡಿಕೊಂಡು ಹೊರಡಲಿ. ಕೊರಿಯರ್ ಬೇಡ. ಗಿಫ್ಟ್ ಎಂದು ಬರೆದರೂ ಸುಂಕ ತಪ್ಪುವುದಿಲ್ಲ. ಆ ರಿಯಾಯಿತಿ 2019ರ ಡಿಸೆಂಬರಿನಲ್ಲೇ ಹೋಯಿತು.

ಫೋನ್ ಕೈಗೆ ಬಂದ ದಿನವೇ *#06# ಒತ್ತಿ. ಬರುವ ಐಎಂಇಐ ನಂಬರ್, ಅಂದರೆ ಆ ಫೋನಿನ ಗುರುತಿನ ನಂಬರ್, ಡಬ್ಬದ ಮೇಲಿನದಕ್ಕೆ ತಾಳೆಯಾಗಬೇಕು. ಕೊಂಡ ಅಂಗಡಿಗೆ ವಾಪಸ್ ಕೊಡುವ ಅವಧಿ ಮುಗಿಯುವುದರೊಳಗೆ ಇದನ್ನು ಮುಗಿಸಿ.

ಹಳೇ ಫೋನನ್ನು ಗುಜರಿಗೆ ಹಾಕಬೇಡಿ. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ಕಸ ಆಗಿತ್ತು, ಕಾಲು ಭಾಗವೂ ಸರಿಯಾಗಿ ಮರುಬಳಕೆಗೆ ಹೋಗಲಿಲ್ಲ. ನಡೆಯುವ ಫೋನಾದರೆ ಡೇಟಾ ಅಳಿಸಿ ಯಾರಿಗಾದರೂ ಕೊಡಿ. ಕೆಟ್ಟದ್ದಾದರೆ ಕಂಪನಿಯ ಸರ್ವಿಸ್ ಸೆಂಟರಿಗೋ ನೋಂದಾಯಿತ ಮರುಬಳಕೆದಾರರಿಗೋ ತಲುಪಿಸಿ. ಬ್ಯಾಟರಿ ಉಬ್ಬಿದ್ದರೆ ಚುಚ್ಚಬೇಡಿ, ಚಾರ್ಜಿಗೂ ಹಾಕಬೇಡಿ. ಮೊದಲು ರಿಪೇರಿ ಅಂಗಡಿಯಲ್ಲಿ ಅದನ್ನು ಹೊರಗೆ ತೆಗೆಸಿ.