ಕರಟ, ಚೀಟಿ ಮತ್ತು ನನ್ನ ಐದನೇ ತರಗತಿ

‘ಹುಡುಗರ ತಲೆ ಓಡುತ್ತೆ ಮೇಡಂ, ಹುಡುಗಿಯರು ನೀಟಾಗಿ ಬರೀತಾರೆ ಅಷ್ಟೆ.’ ಹೊಸ ಉಪಾಯ ಯಾರಿಗೆ ಹೊಳೆಯುತ್ತೆ ಅಂದಾಗಲೆಲ್ಲ ಕ್ಲಸ್ಟರ್ ಸಭೆಗಳಲ್ಲಿ (ಸುತ್ತಲಿನ ಶಾಲೆಗಳ ಶಿಕ್ಷಕರ ಸಭೆ) ಈ ಮಾತು ಕೇಳಿ ಸಾಕಾಗಿತ್ತು. ಹೋದ ಸಲ ನನ್ನ ತರಗತಿ ಮಕ್ಕಳು ಉಪಾಯ ಬರೆದು ಹಾಕಿದ ಚೀಟಿ ಡಬ್ಬ ಮೇಜಿನ ಮೇಲೆ ಸುರಿದೆ. ಆಮೇಲೆ ಯಾರೂ ಆ ಮಾತು ಎತ್ತಿಲ್ಲ.

ಮಕ್ಕಳ ಕಲ್ಪನೆ ಬೆಳೆಸೋಕೆ ಹೊರಟ ಮೊದಲ ವರ್ಷ ಪೂರ್ತಿ ಎಡವಿದೆ. ಕೈಯಿಂದ ಸುಮಾರು 1,800 ರೂಪಾಯಿ ಹಾಕಿ ಬಣ್ಣದ ಹಾಳೆ, ಅಂಟು, ಮಿನುಗು ತಂದೆ. ‘ನಿಮಗಿಷ್ಟ ಬಂದದ್ದು ಮಾಡಿ’ ಅಂದೆ. ಹುಡುಗರೆಲ್ಲ ರಾಕೆಟ್, ಹುಡುಗಿಯರೆಲ್ಲ ಹೂವು. ಮಿನುಗು ಮಾತ್ರ ತಿಂಗಳುಗಟ್ಟಲೆ ನನ್ನ ಸೀರೆಯಲ್ಲಿತ್ತು. ಮನೆಯಲ್ಲಿ ಬೈಸಿಕೊಂಡೆ.

ಆಮೇಲೆ ಮನಶ್ಶಾಸ್ತ್ರಜ್ಞ ಗಿಲ್ಫರ್ಡ್ ಅವರ ಇಟ್ಟಿಗೆ ಪ್ರಶ್ನೆ ಹಿಡಿದೆ: ಒಂದು ಇಟ್ಟಿಗೆಯಿಂದ ಏನೇನು ಮಾಡಬಹುದು, ಹೊಳೆದಷ್ಟು ಹೇಳಿ. ಡಿ.ಎಡ್‌ನಲ್ಲಿ ಓದಿದ್ದೇ ಅಲ್ವಾ. ಇಟ್ಟಿಗೆ ಬದಲು ಕರಟ, ಖರ್ಚು ಸೊನ್ನೆ. ಬಾಯಲ್ಲಿ ಹೇಳಿಸಿದೆ, ಅದೂ ಕೆಟ್ಟಿತು. ನಾಲ್ಕು ಹುಡುಗರು ಕೂಗಿದರು, ಹುಡುಗಿಯರು ತಲೆ ತಗ್ಗಿಸಿದರು. ಒಬ್ಬ ‘ಟೋಪಿ’ ಅಂದರೆ ಇಡೀ ತರಗತಿ ಟೋಪಿ.

ಬಾಯಲ್ಲಿ ಬಿಟ್ಟು ಚೀಟಿಯಲ್ಲಿ ಬರೆಸಿದ ಮೇಲೆ ದಾರಿ ಹತ್ತಿತು. ಹೆಸರಿಲ್ಲ, ಅಂಕವಿಲ್ಲ, ಹತ್ತು ನಿಮಿಷ. (ಹೆಸರಿಲ್ಲದಿದ್ದರೂ ಕೈಬರಹ ನಮಗೆ ಗೊತ್ತಾಗೇ ಆಗುತ್ತೆ.) ಮೂರನೇ ವಾರದಿಂದ ಹುಡುಗಿಯರದ್ದು ತಲಾ ಆರೇಳು ಉಪಾಯ, ಹುಡುಗರದ್ದು ನಾಲ್ಕೈದು. ವರ್ಷದ ಕೊನೆಗೆ ಎರಡೂ ಕಡೆ ಎಂಟರ ಆಸುಪಾಸು. ಬಾಯಿ ಬಿಡದ ಒಬ್ಬ ಹುಡುಗಿ ಬರೆದಿದ್ದಳು: ‘ಅಜ್ಜಿ ಕೋಲಿನ ತುದಿಗೆ ಕರಟ ಸಿಕ್ಕಿಸಿದರೆ ಕೆಸರಲ್ಲಿ ಹೂತುಹೋಗಲ್ಲ.’ ಆ ಚೀಟಿ ಈಗಲೂ ನನ್ನ ಪರ್ಸಿನಲ್ಲಿದೆ.

ಸುಮಾರು ನಾಲ್ಕನೇ ತರಗತಿಗೆ ಮಕ್ಕಳ ಕಲ್ಪನೆ ಕುಗ್ಗುತ್ತೆ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ಟೊರೆನ್ಸ್ 1960ರ ದಶಕದಲ್ಲೇ ಬರೆದಿದ್ದರು. ನಮ್ಮಲ್ಲಿ ಆಡುತ್ತಾ ಕಲಿಯೋ ನಲಿಕಲಿ ಮೂರನೇ ತರಗತಿಗೆ ಮುಗಿದು ನಾಲ್ಕಕ್ಕೆ ನೋಟ್ಸ್ ಶುರು. ಬೇರೆ ಕಾರಣ ಹುಡುಕಬೇಕಾ?

ಸುಮ್ನೆ ಇನ್ನೊಂದು ಮಾಡಿ ನೋಡಿದೆ. ಹುಡುಗರಿಗೆ ಕಸ ಗುಡಿಸೋ ಕೆಲಸ, ಹುಡುಗಿಯರಿಗೆ ಗಂಟೆ, ನೀರಿನ ಪಂಪು. ಎರಡೇ ದಿನಕ್ಕೆ ಒಬ್ಬ ತಂದೆ ಜಗಳಕ್ಕೆ ಬಂದರು. ಅವರ ಮಗ ಅಷ್ಟರಲ್ಲಿ ಪೊರಕೆಗೆ ಪೈಪು ಕಟ್ಟಿ ನಿಂತೇ ಗುಡಿಸುತ್ತಿದ್ದ! ಇಷ್ಟು ವರ್ಷ ಗುಡಿಸಿದ ಹುಡುಗಿಯರಿಗೆ ಯಾಕೆ ಹೊಳೆದಿಲ್ಲ ಅಂತ ಕೇಳಿದೆ. ‘ಪೊರಕೆ ಹಾಳು ಮಾಡಿದರೆ ಬೈತಾರೆ ಮಿಸ್’ ಅಂದರು.

ಒಂದು ಚೀಟಿ ಬರೆದ ಮಕ್ಕಳಿಗೆ ಎರಡನೇ ಚೀಟಿ ಯಾವಾಗ ಕೊಡಬೇಕು ಅನ್ನೋದರಲ್ಲಿ ಒಂದು ಗುಟ್ಟಿದೆ. ಈ ವರ್ಷದ ಪ್ರತಿಭಾ ಕಾರಂಜಿ ಸ್ಪರ್ಧೆ ಮುಗಿಯೋ ತನಕ ಅದನ್ನು ಹೇಳುವುದಿಲ್ಲ. ಈ ವಾರ ಕರಟದ ಬದಲು ಹಳೇ ಸೈಕಲ್ ಟ್ಯೂಬು. ಪಂಕ್ಚರ್ ಅಂಗಡಿಯವನು ನಲವತ್ತು ಕೇಳಿದ, ಹದಿನೈದಕ್ಕೆ ಇಳಿಸಿ ತಂದಿದ್ದೇನೆ.