ಬೆಳಿಗ್ಗೆ ಆನೆ, ಮಧ್ಯಾಹ್ನ ಅನಿಮೇಷನ್: ಒಬ್ಬ ಸೋದರಮಾವನ ಸಲಹೆಗಳು

ರಜೆ ಬಂತೆಂದರೆ ಅಕ್ಕನ ಇಬ್ಬರು ಮಕ್ಕಳನ್ನು ಸುತ್ತಾಡಿಸುವ ಕೆಲಸ ನನ್ನ ಪಾಲಿಗೆ ಬರುತ್ತದೆ. ದೊಡ್ಡವಳಿಗೆ ಒಂಬತ್ತು ವರ್ಷ, ಚಿಕ್ಕವನಿಗೆ ನಾಲ್ಕು. ಜೊತೆಗೆ ಮಂಡಿನೋವಿನ ಅಮ್ಮ, ‘ನನಗೆ ಎಲ್ಲಿಗಾದರೂ ಸರಿ’ ಎನ್ನುತ್ತಲೇ ಎಲ್ಲದಕ್ಕೂ ತಕರಾರು ತೆಗೆಯುವ ಅಕ್ಕ, ಎಲ್ಲಿಗೆ ಹೋದರೂ ಫೋನಿನಲ್ಲೇ ಇರುವ ಭಾವ. ಈ ದಂಡನ್ನು ಒಂದೇ ದಿನ ಮೃಗಾಲಯಕ್ಕೂ ಅನಿಮೇಷನ್ ಸಿನಿಮಾಕ್ಕೂ ಕರೆದೊಯ್ದು, ಯಾರೂ ಮುಖ ಊದಿಸಿಕೊಳ್ಳದಂತೆ ಮನೆ ಸೇರಿಸುವುದನ್ನು ಮೂರು ಸಲ ಎಡವಿ ನಾಲ್ಕನೆಯ ಸಲಕ್ಕೆ ಕಲಿತೆ.

ಮೊದಲು ಮೃಗಾಲಯ, ಆಮೇಲೆ ಸಿನಿಮಾ. ಇದನ್ನು ಮಾತ್ರ ಅದಲುಬದಲು ಮಾಡಬೇಡಿ. ನಾನು ಮಾಡಿದ್ದೆ. ತೆರೆಯ ಮೇಲೆ ಹಾಡಿ ಕುಣಿದ ಸಿಂಹವನ್ನು ಕಣ್ತುಂಬಿಕೊಂಡು ಬಂದ ಮಕ್ಕಳಿಗೆ, ಆವರಣದ ಮೂಲೆಯಲ್ಲಿ ಹೊಟ್ಟೆ ಮೇಲೆ ಮಾಡಿಕೊಂಡು ಮಲಗಿದ್ದ ನಿಜವಾದ ಸಿಂಹ ಎದುರಾಯಿತು. ಚಿಕ್ಕವನು ಎರಡು ನಿಮಿಷ ನೋಡಿ, ‘ಮಾವ, ಇದು ಕೆಟ್ಟುಹೋಗಿದೆ’ ಎಂದ. ತಪ್ಪು ಸಿಂಹದ್ದಲ್ಲ. ದಿನಕ್ಕೆ 16ರಿಂದ 20 ಗಂಟೆ ವಿಶ್ರಾಂತಿಯಲ್ಲೇ ಕಳೆಯುವ ಪ್ರಾಣಿ ಅದು. ಹುಲಿ, ಸಿಂಹ, ಚಿರತೆಗಳು ಎದ್ದು ಓಡಾಡುವುದನ್ನು ನೋಡಬೇಕಾದರೆ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಬೇಕು. ಬಿಸಿಲೇರಿದ ಮೇಲೆ ಹೋದರೆ ಬಾಲದ ತುದಿಯಷ್ಟೇ ದರ್ಶನ.

ಹಿಂದಿನ ದಿನ ಮಾಡಬೇಕಾದದ್ದು ಸ್ವಲ್ಪ. ಮೃಗಾಲಯಕ್ಕೆ ವಾರದ ರಜೆ ಯಾವತ್ತು ಎಂದು ನೋಡಿಕೊಳ್ಳಿ; ಮುಚ್ಚಿದ ಗೇಟಿನ ಮುಂದೆ ಆರು ಜನ ನಿಂತು ತೆಗೆಸಿಕೊಂಡ ಫೋಟೊ ನಮ್ಮ ಮನೆಯಲ್ಲಿದೆ. ಸಿನಿಮಾ ಟಿಕೆಟ್ಟನ್ನು ಮಧ್ಯಾಹ್ನ ಮೂರರ ನಂತರದ ಆಟಕ್ಕೆ ತೆಗೆದಿಡಿ. ಹೊಸ ಚಪ್ಪಲಿ ಯಾರಿಗೂ ಬೇಡ. ಮಕ್ಕಳ ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇರಲಿ, ಹೊರಡುವ ಮುನ್ನ ಅವತ್ತಿನ ಬಟ್ಟೆಯಲ್ಲೇ ಅವರ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಜನಜಂಗುಳಿಯಲ್ಲಿ ಮಗು ತಪ್ಪಿಸಿಕೊಂಡರೆ ಅಂಗಿಯ ಬಣ್ಣ ಯಾವುದೆಂದು ಆ ಗಾಬರಿಯಲ್ಲಿ ಯಾರಿಗೂ ನೆನಪಾಗುವುದಿಲ್ಲ.

ಒಳಗೆ ಹೋದ ಮೇಲೆ ಎಲ್ಲವನ್ನೂ ನೋಡಿ ಮುಗಿಸುವ ಹಟ ಬೇಡ. ನಾವು ಐದು ಪ್ರಾಣಿಗಳನ್ನು ಆರಿಸಿಕೊಳ್ಳುತ್ತೇವೆ. ಮಕ್ಕಳಿಗೆ ಎರಡೆರಡು, ಅಮ್ಮನಿಗೆ ಒಂದು. (ಅಮ್ಮ ಪ್ರತಿ ಸಲ ನವಿಲನ್ನೇ ಕೇಳುತ್ತಾಳೆ.) ನಕ್ಷೆ ನೋಡಿ ಎಲ್ಲಕ್ಕಿಂತ ದೂರದ್ದಕ್ಕೆ ಮೊದಲು ಹೋಗಿ, ಗೇಟಿನತ್ತ ನೋಡುತ್ತಾ ಬನ್ನಿ. ಕಾಲು ಸೋಲುವ ಹೊತ್ತಿಗೆ ಬಾಗಿಲು ಹತ್ತಿರವಾಗಿರುತ್ತದೆ. ಬ್ಯಾಟರಿ ವಾಹನವಿದ್ದರೆ ಹಿರಿಯರನ್ನು ಅದರಲ್ಲಿ ಕೂರಿಸಿ, ಬೇಡವೆಂದರೂ ಕೂರಿಸಿ. ಹಾವುಗಳ ಮನೆಯನ್ನು ಬಿಸಿಲಿನ ಹೊತ್ತಿಗೆ ಉಳಿಸಿಕೊಳ್ಳಿ, ಅಲ್ಲಿ ನೆರಳಿರುತ್ತದೆ. ಗಾಜನ್ನು ಬಡಿಯಲು ಮಾತ್ರ ಬಿಡಬೇಡಿ. ಹಾವಿಗೆ ಹೊರಕಿವಿ ಇಲ್ಲ, ನಿಜ. ಆದರೆ ಅದುರುವಿಕೆ ದವಡೆಯ ಮೂಳೆಯ ಮೂಲಕ ಅದಕ್ಕೆ ಚೆನ್ನಾಗಿಯೇ ಮುಟ್ಟುತ್ತದೆ.

ಇನ್ನು ನಮ್ಮ ಆಟ. ಎರಡು ಕಾರ್ಯಕ್ರಮಗಳನ್ನು ಒಂದು ದಿನವಾಗಿ ಹೊಲಿಯುವ ದಾರ ಇದೇ. ಮೃಗಾಲಯದಲ್ಲಿ ಪ್ರಾಣಿಯ ಕಾಲು ಮತ್ತು ಮುಖವನ್ನು ಗಮನಿಸುವುದು. ಸಿನಿಮಾದಲ್ಲಿ ಚಿತ್ರಕಾರರು ಎಲ್ಲಿ ಸುಳ್ಳು ಹೇಳಿದರು ಎಂದು ಹಿಡಿಯುವುದು.

ಜಿರಾಫೆಯಿಂದ ಶುರು ಮಾಡಿ. ನಡೆಯುವಾಗ ಅದು ಒಂದೇ ಪಕ್ಕದ ಎರಡು ಕಾಲುಗಳನ್ನು ಹೆಚ್ಚುಕಡಿಮೆ ಒಟ್ಟಿಗೆ ಮುಂದಿಡುತ್ತದೆ. ಒಮ್ಮೆ ತೋರಿಸಿದರೆ ಸಾಕು, ಮಕ್ಕಳು ಬೇಲಿಯ ಪಕ್ಕದಲ್ಲೇ ಹಾಗೆ ನಡೆಯತೊಡಗುತ್ತಾರೆ. ಅಷ್ಟುದ್ದದ ಕತ್ತಿನಲ್ಲಿ ನಮ್ಮ ಕತ್ತಿನಲ್ಲಿರುವಷ್ಟೇ, ಏಳೇ ಮೂಳೆಗಳು ಎಂದಾಗ ಭಾವ ಕೂಡ ಫೋನಿನಿಂದ ತಲೆ ಎತ್ತಿದ. ನಂತರ ಆನೆ. ಎಷ್ಟೇ ವೇಗವಾಗಿ ಹೋದರೂ ಅದರ ನಾಲ್ಕೂ ಪಾದಗಳು ಒಮ್ಮೆಲೇ ನೆಲ ಬಿಡುವುದಿಲ್ಲ. ಕುದುರೆ ಬಿಡುತ್ತದೆ. ನಾಲ್ಕೂ ಕಾಲು ಗಾಳಿಯಲ್ಲಿರುವುದು ಅವು ಹೊಟ್ಟೆಯಡಿ ಮಡಚಿಕೊಂಡಿರುವಾಗ ಎಂಬುದು 1878ರಲ್ಲಿ ಮೈಬ್ರಿಜ್ ಎಂಬ ಛಾಯಾಗ್ರಾಹಕ ಸಾಲಾಗಿ ಕ್ಯಾಮೆರಾಗಳನ್ನಿಟ್ಟು ಓಡುವ ಕುದುರೆಯ ಚಿತ್ರ ತೆಗೆದಾಗ ಎದ್ದು ಕಂಡಿತು. ಅಲ್ಲಿಯವರೆಗೆ ಎಷ್ಟೋ ಚಿತ್ರಕಾರರು ಹಿಂದಕ್ಕೂ ಮುಂದಕ್ಕೂ ಕಾಲು ಚಾಚಿ ಹಾರುವ ಕುದುರೆಯನ್ನೇ ಬರೆದಿದ್ದರು.

ಮುಖದ ವಿಷಯಕ್ಕೆ ಬಂದರೆ ಚಿಂಪಾಂಜಿ. ಹಲ್ಲು ಕಿರಿದಿದೆ ಎಂದರೆ ನಗುತ್ತಿದೆ ಎಂದುಕೊಳ್ಳುತ್ತೇವೆ; ಅದು ಹೆಚ್ಚಾಗಿ ಅಂಜಿಕೆಯ, ಶರಣಾಗತಿಯ ಮುಖ. ಹಾಗೆಯೇ ಕರಡಿಯೊಂದು ನಿಂತಲ್ಲೇ ಗಂಟೆಗಟ್ಟಲೆ ತಲೆ ತೂಗುತ್ತಿದ್ದರೆ ‘ಕುಣಿಯುತ್ತಿದೆ ನೋಡು’ ಎನ್ನಬೇಡಿ. ಇಕ್ಕಟ್ಟು, ಬೇಸರ, ಒತ್ತಡಗಳು ಹತ್ತಿಸುವ ಚಾಳಿ ಅದು. ಒಂಬತ್ತು ವರ್ಷದವಳಿಗೆ ಇದನ್ನು ನೇರವಾಗಿಯೇ ಹೇಳಿದೆ. ಕರಡಿಗೆ ಆಟಿಕೆ ಯಾರು ಕೊಡುತ್ತಾರೆ ಎಂದು ಕೇಳಿದಳು. ಪಕ್ಕದಲ್ಲಿದ್ದ ಪ್ರಾಣಿಪಾಲಕರನ್ನೇ ಕೇಳು ಎಂದೆ. ಆಹಾರವನ್ನು ಮರದ ದಿಮ್ಮಿಯಲ್ಲಿ ಬಚ್ಚಿಟ್ಟು ಹುಡುಕಿಸುವುದನ್ನು ಅವರು ಹತ್ತು ನಿಮಿಷ ವಿವರಿಸಿದರು. ಆ ಹತ್ತು ನಿಮಿಷಕ್ಕೆ ಇನ್ನೂ ಮೂರು ಪ್ರಾಣಿಗಳನ್ನು ಬಿಟ್ಟುಕೊಡಬಹುದು.

ಹನ್ನೆರಡೂವರೆಗೆ ಹೊರಬನ್ನಿ. ಊಟಕ್ಕೆ, ಕೈಕಾಲು ಮುಖ ತೊಳೆಯಲು, ಸುಮ್ಮನೆ ಕೂರಲು ಎರಡು ಗಂಟೆ ಬೇಕು. ಈ ಬಿಡುವನ್ನು ಅಂಗಡಿ ಸುತ್ತಲು ಖರ್ಚು ಮಾಡಿದ ಸಲ ಚಿತ್ರಮಂದಿರದಲ್ಲಿ ಮೊದಲು ಅತ್ತವಳು ಅಕ್ಕ.

ಚಿತ್ರಮಂದಿರದಲ್ಲಿ ಸಾಲಿನ ತುದಿಯ ಸೀಟು ಹಿಡಿಯಿರಿ. ಮಧ್ಯದಲ್ಲಿ ಶೌಚಾಲಯಕ್ಕೆ ಓಡುವವರು ಇದ್ದೇ ಇರುತ್ತಾರೆ. ತೀರಾ ಮುಂದಿನ ಸಾಲು ಬೇಡ. ನಾಲ್ಕು ವರ್ಷದ ಮೂಗಿನ ಮೇಲೆ ತ್ರೀಡಿ ಕನ್ನಡಕ ನಿಲ್ಲುವುದಿಲ್ಲ, ಆದ್ದರಿಂದ ಸಾಧಾರಣ ಆಟಕ್ಕೇ ಹೋಗಿ. ಹವಾನಿಯಂತ್ರಣಕ್ಕೆ ಒಂದೊಂದು ಸ್ವೆಟರ್, ದಿಢೀರ್ ಸದ್ದಿಗೆ ಕಿವಿ ಮುಚ್ಚಲು ನಿಮ್ಮ ಅಂಗೈ. ಕಥೆಯನ್ನು ಮೊದಲೇ ಸ್ವಲ್ಪ ಓದಿಕೊಂಡು ಹೋಗಿ. ಮಕ್ಕಳ ಚಿತ್ರಗಳಲ್ಲಿ ಮೊದಲರ್ಧ ಗಂಟೆಯಲ್ಲೇ ತಾಯಿಯನ್ನು ಸಾಯಿಸುವ ಚಟ ಯಾಕಿದೆಯೋ ನಾನು ಕಾಣೆ.

ದೀಪ ಆರುವ ಮೊದಲು ಮಕ್ಕಳಿಗೆ ಒಂದು ಲೆಕ್ಕ ಹೇಳಿ: ಸೆಕೆಂಡಿಗೆ 24 ಚೌಕಟ್ಟು (ಫ್ರೇಮ್), ಒಂದೂವರೆ ಗಂಟೆಯ ಚಿತ್ರಕ್ಕೆ 1,29,600. ಕೈಯಲ್ಲಿ ಬಿಡಿಸುವ ಕಾಲದಲ್ಲಿ ಒಂದೇ ಚಿತ್ರವನ್ನು ಎರಡು ಚೌಕಟ್ಟಿಗೆ ನಿಲ್ಲಿಸಿ ಅರ್ಧ ಶ್ರಮ ಉಳಿಸುತ್ತಿದ್ದುದೂ ಉಂಟು. ಆಮೇಲೆ ಬಾಯಿ ಮುಚ್ಚಿಕೊಳ್ಳಿ. ಆಟದ ಹೆಸರಿನಲ್ಲಿ ಪಾಠ ಮಾಡುವ ಮಾವಂದಿರಿಗೆ ಮುಂದಿನ ಸಲ ಕರೆ ಬರುವುದಿಲ್ಲ.

ನಾನು ಸುಮ್ಮನಿದ್ದೆ. ತೆರೆಯ ಮೇಲೆ ಆನೆಯೊಂದು ಹಳ್ಳದ ಮೇಲೆ ಚಂಗನೆ ಜಿಗಿದಾಗ ದೊಡ್ಡವಳು ಕತ್ತಲಲ್ಲೇ ನನ್ನ ತೋಳು ಚಿವುಟಿ, ‘ನಾಲ್ಕೂ ಕಾಲು!’ ಎಂದಳು. ಚಿಕ್ಕವನು ಅಷ್ಟರಲ್ಲಿ ಅಮ್ಮನ ಮಡಿಲಲ್ಲಿ ನಿದ್ದೆ ಹೋಗಿದ್ದ. ಎಬ್ಬಿಸಲಿಲ್ಲ, ನೀವೂ ಎಬ್ಬಿಸಬೇಡಿ. ಮನೆಗೆ ಬಂದು ಅವನು ಎಲ್ಲರಿಗೂ ಸಿನಿಮಾದ ಕಥೆಯನ್ನು ಕೊನೆಯವರೆಗೂ ಹೇಳಿದ. ಅದರಲ್ಲಿ ಸಿಂಹ ಪೂರ್ತಿ ಮಲಗಿಯೇ ಇತ್ತು.