ಬ್ರಾಂಕೋಸ್ಕೋಪಿ ಇಲ್ಲದೆ ಮ್ಯಾಕ್ರೊಫೇಜ್‌ಗಳ ಮಸಿ ಅಳೆದದ್ದು: ನನ್ನ ಅನುಭವ

ಸೌದೆ ಒಲೆಯ ಮುಂದೆ ಅಡುಗೆ ಮಾಡುವ ಹೆಣ್ಣುಮಕ್ಕಳ ಶ್ವಾಸಕೋಶದ ಮ್ಯಾಕ್ರೊಫೇಜ್‌ಗಳಲ್ಲಿ (ಹೊರಗಿನ ಕಣಗಳನ್ನು ನುಂಗುವ ರಕ್ಷಕ ಕೋಶಗಳಲ್ಲಿ) ಎಷ್ಟು ಮಸಿ ಸೇರಿದೆ ಎಂಬುದನ್ನು, ಶ್ವಾಸನಾಳಕ್ಕೆ ಕೊಳವೆ ಇಳಿಸುವ ಬ್ರಾಂಕೋಸ್ಕೋಪಿ ಇಲ್ಲದೆ, ಉಪ್ಪುನೀರಿನ (ಸಲೈನ್) ಮಂಜನ್ನು ಉಸಿರಾಡಿಸಿ ಬರಿಸಿದ ಕಫದಿಂದಲೇ ಅಳೆಯುತ್ತೇವೆಂದು ನಾನು ಹೇಳಿದಾಗ ವಿಭಾಗದ ಹಿರಿಯರು ಒಪ್ಪಲಿಲ್ಲ. ಜೊಲ್ಲಿನ ಕೋಶಗಳನ್ನು ಬಿಟ್ಟರೆ ಬೇರೇನೂ ಸಿಗದು ಎಂಬುದು ಅವರ ವಾದವಾಗಿತ್ತು. ಇಂಗ್ಲೆಂಡಿನ ಲೆಸ್ಟರ್‌ನ ಮಕ್ಕಳಲ್ಲಿ ಇದೇ ರೀತಿ ಅಳೆದು, ಮ್ಯಾಕ್ರೊಫೇಜ್‌ನಲ್ಲಿ ಇಂಗಾಲದ (ಮಸಿಯ) ವಿಸ್ತೀರ್ಣ ಒಂದು ಚದರ ಮೈಕ್ರಾನ್ ಹೆಚ್ಚಿದರೆ ಎಫ್‌ಇವಿ1 (ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿಯ ಪ್ರಮಾಣ) ಶೇ. 17ರಷ್ಟು ಕಡಿಮೆ ಇರುತ್ತದೆಂದು 2006ರಲ್ಲೇ ಪ್ರಕಟಿಸಿದ್ದರು. ಅದು ಸುಸಜ್ಜಿತ ಆಸ್ಪತ್ರೆಯ ಕೆಲಸ, ಎಚ್.ಡಿ. ಕೋಟೆ ಕಡೆಯ ಹಳ್ಳಿಗಳಲ್ಲಿ ಸಾಧ್ಯವಿಲ್ಲ ಎಂದರು. ಈಗ ನಮ್ಮ ಸ್ಲೈಡ್ ನೋಡಿ ಕಲಿಯಲು ಅವರೇ ವಿದ್ಯಾರ್ಥಿಗಳನ್ನು ಕಳುಹಿಸುತ್ತಿದ್ದಾರೆ.

ಅನುದಾನದ ಅರ್ಜಿ ತಿರಸ್ಕೃತವಾದ್ದರಿಂದ ಹಣದ ಲೆಕ್ಕವೇ ಎಲ್ಲವನ್ನೂ ನಿರ್ಧರಿಸಿತು. ಕೋಶಗಳನ್ನು ವೇಗವಾಗಿ ತಿರುಗಿಸಿ ಸ್ಲೈಡಿನ ಮೇಲೆ ತೆಳುವಾಗಿ ಕೂರಿಸುವ ಸೈಟೋಸ್ಪಿನ್ ಯಂತ್ರಕ್ಕೆ ಐದಾರು ಲಕ್ಷದ ಕೊಟೇಷನ್ ಬಂದಿತ್ತು. ಅದರ ಬದಲು ಪೀಣ್ಯದ ಲೇತ್ ಅಂಗಡಿಯೊಂದರಲ್ಲಿ, ನಮ್ಮ ಹಳೆಯ ಸೆಂಟ್ರಿಫ್ಯೂಜಿನ ಬಕೆಟ್‌ನಲ್ಲಿ ಕೂರುವಂಥ ಸ್ಲೈಡ್ ಹಿಡಿದಿಡುವ ಅಲ್ಯೂಮಿನಿಯಂ ಹಿಡಿಕೆಗಳನ್ನು ಹದಿನೈದು ಸಾವಿರದ ಆಸುಪಾಸಿನಲ್ಲಿ ಮಾಡಿಸಿದೆವು. ಮೊದಲ ಜೋಡಿ ಸೋರಿತು. ಎರಡನೆಯದರಲ್ಲಿ ಫಿಲ್ಟರ್ ಕಾಗದವು ದ್ರವದ ಜೊತೆಗೆ ಕೋಶಗಳನ್ನೂ ಹೀರಿಕೊಂಡು, ಸ್ಲೈಡಿನ ಮೇಲೆ ಖಾಲಿ ವೃತ್ತ ಮಾತ್ರ ಉಳಿಯುತ್ತಿತ್ತು. ಕಾಗದ ಹೀರುವ ವೇಗವನ್ನು ತಗ್ಗಿಸುವ ಒಂದು ಉಪಾಯದಿಂದ ಅದು ಸರಿಹೋಯಿತು. ವಿದ್ಯಾರ್ಥಿನಿಯೊಬ್ಬಳ ಪ್ರಬಂಧ ಮುಗಿಯುವವರೆಗೆ ಆ ಉಪಾಯವನ್ನು ಇಲ್ಲಿ ಬರೆಯುವುದಿಲ್ಲ.

ಬೇಸಿಗೆಯಲ್ಲಿ ಕಫವನ್ನು ಕರಗಿಸುವ ಡಿಟಿಟಿ ಎಂಬ ರಾಸಾಯನಿಕದ ದ್ರಾವಣ ಬೇಗ ಸತ್ವ ಕಳೆದುಕೊಂಡು, ಕಫ ಕರಗದೆ ಜಾಲರಿ ಕಟ್ಟಿಕೊಳ್ಳುತ್ತಿತ್ತು. ಆದ್ದರಿಂದ ಅದನ್ನು ಆಯಾ ದಿನವೇ ತಯಾರಿಸಿ ಐಸ್ ಪೆಟ್ಟಿಗೆಯಲ್ಲಿ ಇಡುತ್ತೇವೆ. ಮಾದರಿಯನ್ನು ಮೈಸೂರಿಗೆ ತರುವಷ್ಟರಲ್ಲಿ ಸತ್ತ ಕೋಶಗಳಿಗೆ ಮಾತ್ರ ಹಿಡಿಯುವ ಟ್ರಿಪಾನ್ ಬ್ಲೂ ಬಣ್ಣದಲ್ಲಿ ಅರ್ಧಕ್ಕರ್ಧ ಕೋಶಗಳು ನೀಲಿಯಾಗಿರುತ್ತಿದ್ದವು. ಪ್ರಾಥಮಿಕ ಆರೋಗ್ಯ ಕೇಂದ್ರದ ಒಂದು ಕೋಣೆಗೆ ಯುಪಿಎಸ್ ಸಮೇತ ಸೆಂಟ್ರಿಫ್ಯೂಜನ್ನೇ ಒಯ್ದು, ಎರಡು ಗಂಟೆಯೊಳಗೆ ಸ್ಲೈಡ್ ಮಾಡತೊಡಗಿದ ಮೇಲೆ ಹತ್ತರಲ್ಲಿ ಆರೇಳು ಮಾದರಿಗಳು ಎಣಿಕೆಗೆ ಯೋಗ್ಯವಾದವು.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಎಲೆ-ಅಡಿಕೆ. ಅಡಿಕೆಯ ಕಂದು ಚೂರುಗಳು ಕೋಶಗಳ ಮೇಲೆ ಕೂತು, ಚಿತ್ರದಲ್ಲಿನ ಕಪ್ಪು ಭಾಗವನ್ನು ಅಳೆಯುವ ಇಮೇಜ್‌ಜೆ ತಂತ್ರಾಂಶದ ಲೆಕ್ಕದಲ್ಲಿ ಮಸಿಯಾಗಿಯೇ ಸೇರುತ್ತಿದ್ದವು. ಬರಿಯ ಬಾಯಿ ಮುಕ್ಕಳಿಸುವಿಕೆ ಸಾಲದು. ಹಿಂದಿನ ರಾತ್ರಿಯಿಂದಲೇ ಎಲೆ-ಅಡಿಕೆ ಹಾಕಬಾರದೆಂದು ಆಶಾ ಕಾರ್ಯಕರ್ತೆಯರ ಮೂಲಕ ಹೇಳಿಸಿ, ಬೆಳಿಗ್ಗೆ ನಾಲಿಗೆ ಉಜ್ಜಿಸಿ, ಕಫದ ಗಟ್ಟಿ ಮುದ್ದೆಗಳನ್ನಷ್ಟೇ ಚಿಮಟದಿಂದ ಆರಿಸುತ್ತೇವೆ. ಕೋಶಗಳಿಗೆ ಹಚ್ಚುವ ಲೀಷ್ಮನ್ ಬಣ್ಣದ ಗಸಿಯೂ ಮೋಸ ಮಾಡುತ್ತದೆ. ಫೋಕಸ್ ತಿರುಗಿಸಿದಾಗ ಗಸಿ ಕೋಶಕ್ಕಿಂತ ಮೇಲಿನ ಮಟ್ಟದಲ್ಲಿ ಕಾಣುತ್ತದೆ, ಇಂಗಾಲವಾದರೋ ಕೋಶದೊಳಗಿನ ದ್ರವ್ಯದ (ಸೈಟೋಪ್ಲಾಸಂ) ಜೊತೆಗೇ ಸ್ಪಷ್ಟವಾಗುತ್ತದೆ. ಒಬ್ಬೊಬ್ಬರಿಂದ ಐವತ್ತು ಮ್ಯಾಕ್ರೊಫೇಜ್‌ಗಳನ್ನು, ಯಾರ ಸ್ಲೈಡ್ ಎಂದು ತಿಳಿಯದ ಇಬ್ಬರು ಪ್ರತ್ಯೇಕವಾಗಿ ಅಳೆಯುತ್ತಾರೆ.

ನಡುವೆ, ಮಸಿ ತುಂಬಿದ ಕೋಶಗಳು ಎಷ್ಟು ಚೆನ್ನಾಗಿ ನುಂಗುತ್ತವೆ ಎಂದು ನೋಡುವ ಇನ್ನೊಂದು ಪ್ರಯೋಗಕ್ಕೂ ಕೈಹಾಕಿದೆ. ಡಿಟಿಟಿ ಕೋಶದ ಹೊರಮೈಯ ಗ್ರಾಹಕಗಳನ್ನು ಕೆಡಿಸಬಹುದಾದ್ದರಿಂದ, ಕೆಲವು ಮಾದರಿಗಳನ್ನು ಬರಿಯ ಪಿಬಿಎಸ್‌ನಲ್ಲಿ (ಕೋಶಗಳಿಗೆ ಹಾನಿ ಮಾಡದ ಉಪ್ಪಿನ ದ್ರಾವಣ) ಅಲುಗಿಸಿ, ಗಾಜಿಗೆ ಅಂಟಿದ ಮ್ಯಾಕ್ರೊಫೇಜ್‌ಗಳಿಗೆ ಕಾಂಗೋ ರೆಡ್ ಎಂಬ ಕೆಂಪು ಬಣ್ಣ ಹಚ್ಚಿದ ಸತ್ತ ಯೀಸ್ಟ್ ಕೊಟ್ಟು, 37 ಡಿಗ್ರಿಯಲ್ಲಿ ಇಟ್ಟೆವು. ಹೊಟ್ಟೆ ತುಂಬ ಮಸಿ ಹೊತ್ತ ಕೋಶಗಳು ಪಕ್ಕದ ತಿಳಿಯಾದ ಕೋಶಗಳಿಗಿಂತ ಕಡಿಮೆ ಯೀಸ್ಟ್ ನುಂಗಿದವು. ಮಾದರಿಗಳು ತೀರಾ ಕಡಿಮೆಯಾದ್ದರಿಂದ ಪ್ರಕಟಿಸುವ ಹಂತಕ್ಕೆ ಬಂದಿಲ್ಲ, ಆದರೆ ನ್ಯುಮೋನಿಯಾದ ಬ್ಯಾಕ್ಟೀರಿಯಾಗಳನ್ನು ನುಂಗಿ ತೆರವು ಮಾಡಬೇಕಾದವೂ ಇವೇ ಕೋಶಗಳಾದ್ದರಿಂದ ನನಗೆ ಇದನ್ನು ಬಿಡಲು ಮನಸ್ಸಿಲ್ಲ.

ಪ್ರಶ್ನಾವಳಿಯಲ್ಲಿ ಸಿಗದ ಒಂದು ಸಂಗತಿಯನ್ನು ಈ ಸ್ಲೈಡ್‌ಗಳು ತೋರಿಸಿದವು. ಗ್ಯಾಸ್ ಒಲೆಯಲ್ಲೇ ಅಡುಗೆ ಎಂದು ಬರೆಸಿದ್ದ ಕೆಲವರ ಕೋಶಗಳಲ್ಲಿ, ಸೌದೆಯಲ್ಲಿ ಅಡುಗೆ ಮಾಡುವವರಷ್ಟೇ ಮಸಿ ಇತ್ತು. ಮನೆಗೆ ಹೋಗಿ ವಿಚಾರಿಸಿದರೆ, ಸ್ನಾನದ ನೀರಿಗೆ ದಿನಾ ಬೆಳಿಗ್ಗೆ ಹಂಡೆ ಒಲೆ ಉರಿಯುತ್ತಿತ್ತು. ಬಚ್ಚಲಿಗೆ ಕಿಟಕಿಯೂ ಇರಲಿಲ್ಲ. ಈಗ ಹಂಡೆ ಒಲೆಗೆ ಹೊಗೆ ಕೊಳವೆ ಹಾಕಿಸಿಕೊಂಡ ಮನೆಗಳ ಹೆಂಗಸರಿಂದ ಮತ್ತೆ ಕಫ ಪಡೆಯಲಿದ್ದೇವೆ. ಮ್ಯಾಕ್ರೊಫೇಜ್‌ಗಳು ತಿಂಗಳುಗಟ್ಟಲೆ ಬದುಕುವುದರಿಂದ, ಕೊಳವೆ ಹಾಕಿಸಿ ಆರು ತಿಂಗಳು ಕಳೆಯುವ ಮೊದಲು ಅಳೆಯುವುದಿಲ್ಲ.